ವರದಿ ಮೊದಲು, ಡಿನಯಲ್ ಕೋಡ್ ಆಮೇಲೆ: ವೆಸ್ಟರ್ನ್ ಬ್ಲಾಟ್ ಕ್ಲೇಮ್‌ನ ದೋಷ ಹುಡುಕುವ ಬಗೆ

ಮಂಗಳೂರಿನಲ್ಲಿ ಕುಳಿತು ಅಮೆರಿಕದ ಪ್ರಯೋಗಾಲಯಗಳ ಬಿಲ್ಲಿಂಗ್ ನೋಡಿಕೊಳ್ಳುವವರ ಮುಂದೆ ಬರುವ ಕ್ಲೇಮ್‌ಗಳಲ್ಲಿ, ಅಂದರೆ ವಿಮಾ ಸಂಸ್ಥೆಗೆ ಹಣ ಕೇಳಿ ಕಳುಹಿಸುವ ಬಿಲ್‌ಗಳಲ್ಲಿ, ಪ್ರೋಟೀನ್ ಪತ್ತೆ ಮಾಡುವ ವೆಸ್ಟರ್ನ್ ಬ್ಲಾಟ್ ಪರೀಕ್ಷೆಯವು ಸಂಖ್ಯೆಯಲ್ಲಿ ಕಡಿಮೆ. ಸಿಬಿಸಿ, ಲಿಪಿಡ್ ಪ್ರೊಫೈಲ್‌ನಂಥವು ದಿನವೂ ರಾಶಿ ರಾಶಿಯಾಗಿ ಬರುವುದರಿಂದ ಅವುಗಳ ದೋಷಗಳು ಹೊಸಬರಿಗೂ ಕೆಲವೇ ವಾರಗಳಲ್ಲಿ ಪರಿಚಯವಾಗುತ್ತವೆ. ವೆಸ್ಟರ್ನ್ ಬ್ಲಾಟ್ ಹಾಗಲ್ಲ. ಅಪರೂಪಕ್ಕೆ ಎದುರಾಗುವ ಈ ಕ್ಲೇಮ್ ಪ್ರತಿ ಸಲವೂ ಹೊಸದಾಗಿಯೇ ಕಾಣುತ್ತದೆ, ಆದ್ದರಿಂದ ಹಿಂದಿನವರು ಬರೆದಿಟ್ಟ ನೋಟ್ ನೋಡಿ ಅದನ್ನೇ ಮತ್ತೊಮ್ಮೆ ಮಾಡುವ ಚಾಳಿ ಬೆಳೆಯುತ್ತದೆ. ಬಂಟ್ವಾಳ, ಪುತ್ತೂರು, ಕಾರ್ಕಳದ ಕಡೆಯಿಂದ ಪದವಿ ಮುಗಿಸಿ ಈ ಕೆಲಸಕ್ಕೆ ಸೇರುವ ಮಕ್ಕಳಲ್ಲಿ ಎಷ್ಟೋ ಮಂದಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ತರಬೇತಿಯ ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುವುದರಿಂದ ಅವರಿಗೆ ಕೋಡ್ ಬಾಯಿಪಾಠವಾಗುತ್ತದೆ, ಕೋಡ್‌ನ ಹಿಂದಿರುವ ಪರೀಕ್ಷೆ ಮಾತ್ರ ಮನಸ್ಸಿಗೆ ಇಳಿಯುವುದಿಲ್ಲ. ಅವರಿಗೆಂದೇ ಇದನ್ನು ಬರೆಯುತ್ತಿದ್ದೇನೆ.

ಹಣ ನಿರಾಕರಿಸಿದ ಕ್ಲೇಮ್‌ಗಳನ್ನು ನೋಡುವ ಡಿನಯಲ್ ವಿಭಾಗದಲ್ಲಿ ಹಲವು ವರ್ಷ ಕೆಲಸ ಮಾಡಿದ ಮೇಲೆ ನನಗೆ ಒಂದು ವಿಷಯ ಖಚಿತವಾಗಿದೆ. ಈ ಪರೀಕ್ಷೆಯ ಕ್ಲೇಮ್ ತಿರಸ್ಕೃತವಾದಾಗ ಮೊದಲು ತೆರೆಯಬೇಕಾದದ್ದು ಪ್ರಯೋಗಾಲಯದ ವರದಿಯನ್ನು. ಡಿನಯಲ್ ಕೋಡ್, ಅಂದರೆ ನಿರಾಕರಣೆಯ ಕಾರಣದ ಸಂಕೇತ, ಹೇಳುವುದು ಪೇಯರ್‌ನ (ಹಣ ಕೊಡುವ ವಿಮಾ ಸಂಸ್ಥೆಯ) ವ್ಯವಸ್ಥೆ ಕ್ಲೇಮನ್ನು ಯಾವ ಬಾಗಿಲಲ್ಲಿ ತಡೆಯಿತು ಎಂಬುದನ್ನಷ್ಟೇ. ತಪ್ಪು ಹುಟ್ಟಿದ ಜಾಗ ಬಹಳ ಸಲ ಅದಕ್ಕಿಂತ ಹಿಂದೆ, ವರದಿಯನ್ನು ಓದದೆ ಚಾರ್ಜ್ ಎಂಟ್ರಿ ಮಾಡಿದ, ಅಂದರೆ ಬಿಲ್‌ನ ವಿವರ ಕಂಪ್ಯೂಟರ್‌ಗೆ ತುಂಬಿಸಿದ, ಗಳಿಗೆಯಲ್ಲಿ ಇರುತ್ತದೆ. ಕೋಡನ್ನು ಮಾತ್ರ ನೋಡಿ ಮದ್ದು ಮಾಡಹೊರಟರೆ ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಹಾಕಿದಂತಾಗುತ್ತದೆ.

ಪರೀಕ್ಷೆಯಲ್ಲಿ ನಡೆಯುವುದೇನು

ಮಾದರಿಯಲ್ಲಿರುವ ಪ್ರೋಟೀನ್‌ಗಳನ್ನು ಜೆಲ್‌ನ ಮೇಲೆ ವಿದ್ಯುತ್ ಹರಿಸಿ ಗಾತ್ರಕ್ಕನುಗುಣವಾಗಿ ಬೇರ್ಪಡಿಸುತ್ತಾರೆ, ಬೇರೆಯಾದ ಪ್ರೋಟೀನ್‌ಗಳನ್ನು ಜೆಲ್‌ನಿಂದ ತೆಳುವಾದ ಮೆಂಬ್ರೇನ್‌ಗೆ ವರ್ಗಾಯಿಸುತ್ತಾರೆ, ಬಳಿಕ ಬೇಕಾದ ಪ್ರೋಟೀನನ್ನು ಮಾತ್ರ ಹಿಡಿಯುವ ಪ್ರತಿಕಾಯವನ್ನು (ಆಂಟಿಬಾಡಿ) ಅದರ ಮೇಲೆ ಹಾಯಿಸುತ್ತಾರೆ. ಪ್ರತಿಕಾಯ ಅಂಟಿಕೊಂಡ ಕಡೆ ಒಂದು ಗೆರೆ ಮೂಡುತ್ತದೆ, ಅದೇ ಬ್ಯಾಂಡ್. ಹುಡುಕಲು ಬಳಸಿದ ಪ್ರತಿಕಾಯವೇ ಪ್ರೋಬ್. ಬ್ಯಾಂಡ್ ಎಷ್ಟು ಕಿಲೋಡಾಲ್ಟನ್ (ಪ್ರೋಟೀನ್‌ನ ತೂಕದ ಅಳತೆ) ಮಟ್ಟದಲ್ಲಿ ಬಂದಿದೆ ಎಂಬುದನ್ನು ನೋಡಿ ತಜ್ಞರು ಅದು ಯಾವ ಪ್ರೋಟೀನ್ ಎಂದು ನಿರ್ಧರಿಸುತ್ತಾರೆ. ಈ ವಿಧಾನವನ್ನು ಟೌಬಿನ್ ಮತ್ತು ಸಹೋದ್ಯೋಗಿಗಳು 1979ರಲ್ಲಿ ಪ್ರಕಟಿಸಿದರು. ಎಡ್ವಿನ್ ಸದರ್ನ್ ಅವರ ಹೆಸರಿನಲ್ಲಿದ್ದ ಡಿಎನ್ಎ ಪರೀಕ್ಷೆ ಸದರ್ನ್ ಬ್ಲಾಟ್‌ಗೆ ಜೋಡಿಯಾಗಿ ವೆಸ್ಟರ್ನ್ ಬ್ಲಾಟ್ ಎಂಬ ಹೆಸರನ್ನು ಕೊಟ್ಟವರು ಬರ್ನೆಟ್, 1981ರಲ್ಲಿ.

ಬಿಲ್ಲಿಂಗ್ ಮಾಡುವವರಿಗೆ ಇದೆಲ್ಲ ಏಕೆ ಎಂದು ಕೇಳಬಹುದು. ಬ್ಯಾಂಡ್ ಬೇರೆ, ಪ್ರೋಬ್ ಬೇರೆ ಎಂಬ ಒಂದು ತಿಳಿವಳಿಕೆ ಇಲ್ಲದ್ದರಿಂದ ತಿಂಗಳುಗಟ್ಟಲೆ ಅಲೆದ ಕ್ಲೇಮ್‌ಗಳನ್ನು ನಾನು ಕಂಡಿದ್ದೇನೆ. ವರದಿ ತೆರೆದಾಗ ಐದು ವಿಷಯ ಹುಡುಕಿ ಕಾಗದದ ಮೇಲೆ ಬರೆದುಕೊಳ್ಳಿ: ಮಾದರಿ ಯಾವುದು, ಹುಡುಕಿದ್ದು ಏನನ್ನು, ಎಷ್ಟು ಪ್ರೋಬ್ ಬಳಸಿದ್ದಾರೆ, ಪರೀಕ್ಷೆ ನಡೆದದ್ದು ಯಾವ ಪ್ರಯೋಗಾಲಯದಲ್ಲಿ, ಅರ್ಥ ವಿವರಿಸಿ ಸಹಿ ಮಾಡಿದವರು ಯಾರು. ಮುಂದಿನದೆಲ್ಲ ಈ ಐದು ಉತ್ತರಗಳ ಮೇಲೆ ನಿಂತಿದೆ.

ಕ್ಲೇಮ್ ಪೇಯರ್‌ನ ಒಳಗೆ ಹೋಗಿದೆಯೇ

ಇದು ಚಿಕ್ಕ ಪರಿಶೀಲನೆ, ಆದರೆ ಬಿಡುವಂತಿಲ್ಲ. ರಿಜೆಕ್ಷನ್ ಬೇರೆ, ಡಿನಯಲ್ ಬೇರೆ. ಕ್ಲೇಮ್‌ಗಳನ್ನು ಪೇಯರ್‌ಗೆ ದಾಟಿಸುವ ಮಧ್ಯವರ್ತಿಯಾದ ಕ್ಲಿಯರಿಂಗ್‌ಹೌಸ್‌ನಲ್ಲಿಯೋ ಪೇಯರ್‌ನ ಹೊಸ್ತಿಲಲ್ಲಿಯೋ ತಡೆದ ಕ್ಲೇಮ್ 277ಸಿಎ ಎಂಬ ಸ್ವೀಕೃತಿ ವರದಿಯಲ್ಲಿ ರಿಜೆಕ್ಟ್ ಎಂದು ಬರುತ್ತದೆ. ಅಂಥದ್ದನ್ನು ಪೇಯರ್ ಪರಿಶೀಲಿಸಿಯೇ ಇಲ್ಲ, ಅದಕ್ಕೆ ಅಪೀಲ್ (ಮೇಲ್ಮನವಿ) ಮಾಡುವ ಪ್ರಶ್ನೆಯೂ ಇಲ್ಲ, ಸರಿಪಡಿಸಿ ಹೊಸದಾಗಿ ಕಳುಹಿಸಬೇಕು. ಪೇಯರ್ ಪರಿಶೀಲಿಸಿ ಹಣ ನಿರಾಕರಿಸಿದ್ದರೆ 835 ಕಡತದಲ್ಲಿ, ಅಂದರೆ ಪಾವತಿಯ ವಿವರ ಕೊಡುವ ಇಆರ್‌ಎಯಲ್ಲಿ, ಕಾರಣದ ಕೋಡ್ ಸಹಿತ ಬರುತ್ತದೆ. ಮುಖ್ಯವಾಗಿ ಹಿರಿಯರಿಗಾಗಿ ಇರುವ ಅಮೆರಿಕ ಸರ್ಕಾರದ ವಿಮೆ ಮೆಡಿಕೇರ್‌ಗೆ ಸೇವೆಯ ದಿನಾಂಕದಿಂದ ಒಂದು ವರ್ಷದೊಳಗೆ ಕ್ಲೇಮ್ ತಲುಪಬೇಕು. ರಿಜೆಕ್ಟ್ ಆದದ್ದನ್ನು ಗಮನಿಸದೆ ಕುಳಿತರೆ ಆ ಗಡುವು ಓಡುತ್ತಲೇ ಇರುತ್ತದೆ, ಕೊನೆಗೆ ಗಡುವು ಮೀರಿತೆನ್ನುವ ಸಿಓ-29 ಬಂದಾಗ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.

ಸಿಪಿಟಿ ಕೋಡ್ ಹೊಂದುತ್ತದೆಯೇ

ರಕ್ತ ಅಥವಾ ದೇಹದ ಬೇರೆ ದ್ರವದಲ್ಲಿ ವೆಸ್ಟರ್ನ್ ಬ್ಲಾಟ್ ಮೂಲಕ ಪ್ರೋಟೀನ್ ಪತ್ತೆ ಮಾಡಿ, ಅರ್ಥವಿವರಣೆ ಹಾಗೂ ವರದಿ ಕೊಡುವುದಕ್ಕೆ ಸಿಪಿಟಿ ಕೋಡ್, ಅಂದರೆ ಪರೀಕ್ಷೆಯನ್ನು ಗುರುತಿಸುವ ಸಂಖ್ಯೆ, 84181. ಅದೇ ದ್ರವಗಳಲ್ಲಿ ಬ್ಯಾಂಡನ್ನು ಗುರುತಿಸಲು ಪ್ರತಿರಕ್ಷಾ ಪ್ರೋಬ್ ಬಳಸಿದ್ದರೆ 84182, ಅದೂ ಪ್ರತಿ ಪ್ರೋಬ್‌ಗೆ ಒಂದರಂತೆ. ಮಾದರಿ ಅಂಗಾಂಶವಾಗಿದ್ದರೆ ಈ ಎರಡೂ ಅಲ್ಲ. ಅಲ್ಲಿ 88371 ಮತ್ತು 88372 ಬರುತ್ತವೆ. ಸ್ನಾಯುಕ್ಷಯದ ರೋಗಿಯ ಬಯಾಪ್ಸಿಯಲ್ಲಿ ಡಿಸ್ಟ್ರೋಫಿನ್ ಪ್ರೋಟೀನ್ ಇದೆಯೇ ಎಂದು ನೋಡುವ ಪರೀಕ್ಷೆ ಇದಕ್ಕೆ ಒಳ್ಳೆಯ ಉದಾಹರಣೆ. ವರದಿಯ ತಲೆಬರಹದಲ್ಲಿ ವೆಸ್ಟರ್ನ್ ಬ್ಲಾಟ್ ಎಂದು ದೊಡ್ಡದಾಗಿ ಇರುತ್ತದೆ, ಮಾದರಿ ಸ್ನಾಯುವಿನ ತುಣುಕು ಎಂಬುದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ತಲೆಬರಹ ಮಾತ್ರ ಓದಿದವರು 84181 ಹಾಕಿಬಿಡುತ್ತಾರೆ.

ಇನ್ನೊಂದು ಎಡವಟ್ಟು ಇದಕ್ಕಿಂತ ಹೆಚ್ಚು ಕಾಣುತ್ತದೆ. ಹುಡುಕುವ ವಸ್ತುವಿಗೆ ಅದರದ್ದೇ ಹೆಸರಿನ ಕೋಡ್ ಇದ್ದರೆ ವಿಧಾನದ ಹೆಸರಿನ ಸಾಮಾನ್ಯ ಕೋಡ್ ಬಳಸುವಂತಿಲ್ಲ. ಉಣ್ಣಿ ಕಡಿತದಿಂದ ಹರಡುವ ಲೈಮ್ ರೋಗದ ದೃಢೀಕರಣ ಪರೀಕ್ಷೆ ವೆಸ್ಟರ್ನ್ ಬ್ಲಾಟ್ ವಿಧಾನದಲ್ಲಿಯೇ ನಡೆದರೂ ಅದರ ಕೋಡ್ 86617. ಎಚ್‌ಐವಿ ಪ್ರತಿಕಾಯದ ದೃಢೀಕರಣಕ್ಕೆ 86689. ಇವೆರಡರಲ್ಲಿ ಮೆಂಬ್ರೇನ್ ಪಟ್ಟಿಯ ಮೇಲೆ ರೋಗಾಣುವಿನ ಪ್ರೋಟೀನ್ ಮೊದಲೇ ಇರುತ್ತದೆ, ರೋಗಿಯ ರಕ್ತದಲ್ಲಿ ಅದಕ್ಕೆ ಪ್ರತಿಕಾಯ ಹುಟ್ಟಿದೆಯೇ ಎಂದು ನೋಡುತ್ತಾರೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2014ರಲ್ಲಿ ಪ್ರಕಟಿಸಿದ ಶಿಫಾರಸಿನಲ್ಲಿ ಎಚ್‌ಐವಿ ಪರೀಕ್ಷೆಯ ಸರಣಿಯಿಂದ ವೆಸ್ಟರ್ನ್ ಬ್ಲಾಟನ್ನು ಕೈಬಿಟ್ಟಿದೆ. ಆದ್ದರಿಂದ ಈಗಿನ ದಿನಾಂಕದ ಕ್ಲೇಮ್‌ನಲ್ಲಿ 86689 ಕಂಡರೆ, ನಿಜವಾಗಿ ನಡೆದ ಪರೀಕ್ಷೆ ಯಾವುದು ಎಂದು ವರದಿಯಲ್ಲಿ ಎರಡು ಬಾರಿ ನೋಡಿಕೊಳ್ಳಿ. ಪ್ರಯೋಗಾಲಯದ ಹಳೆಯ ಚಾರ್ಜ್ ಮಾಸ್ಟರ್‌ನಲ್ಲಿ, ಅಂದರೆ ಕೋಡ್ ಮತ್ತು ದರಗಳ ಪಟ್ಟಿಯಲ್ಲಿ, ಹಳೆಯ ಕೋಡ್ ಹಾಗೆಯೇ ಉಳಿದಿರುವ ಸಾಧ್ಯತೆ ಇದೆ.

ಪ್ರೋಟೀನ್ ಎಂಬ ಒಂದೇ ಪದ ತರುವ ಗೊಂದಲವೂ ಇದೆ. ಪ್ರೋಟೀನ್‌ಗಳನ್ನು ವಿದ್ಯುತ್ತಿನಿಂದ ಬೇರ್ಪಡಿಸುವ ಎಲೆಕ್ಟ್ರೋಫೋರೆಸಿಸ್ ಸೀರಮ್‌ನಲ್ಲಿ (ರಕ್ತದ ತಿಳಿಯಲ್ಲಿ) ಆದರೆ 84165, ಮೂತ್ರ ಅಥವಾ ಸಿಎಸ್‌ಎಫ್ (ಮಿದುಳು-ಬೆನ್ನುಹುರಿಯ ದ್ರವ) ಆದರೆ 84166. ಅವುಗಳನ್ನು ಪ್ರತಿಕಾಯದಿಂದ ಗುರುತಿಸುವ ಇಮ್ಯೂನೋಫಿಕ್ಸೇಷನ್ ಸೀರಮ್‌ಗೆ 86334, ಸಾಂದ್ರಗೊಳಿಸಿದ ಇತರ ದ್ರವಗಳಿಗೆ 86335. ಸೀರಮ್‌ನ ಒಟ್ಟು ಪ್ರೋಟೀನ್ 84155, ಮೂತ್ರದ್ದು 84156. ವೈದ್ಯರ ಚೀಟಿಯಲ್ಲಿ ಪ್ರೋಟೀನ್ ಸ್ಟಡೀಸ್ ಎಂದು ಮಾತ್ರ ಇದ್ದರೆ ಊಹೆ ಮಾಡಬೇಡಿ, ನಡೆದ ಪರೀಕ್ಷೆಗೆ ಬಿಲ್ ಮಾಡಿ. ಬಿಲ್ ಆದದ್ದು ಒಂದು, ನಡೆದದ್ದು ಇನ್ನೊಂದು ಆದರೆ ಹಣ ಬಂದರೂ ಅದು ತಪ್ಪು ಹಣವೇ.

ಯೂನಿಟ್: ಬ್ಯಾಂಡ್ ಎಣಿಸಬಾರದು

ಯೂನಿಟ್ ಎಂದರೆ ಒಂದು ಕೋಡನ್ನು ಎಷ್ಟು ಸಲ ಬಿಲ್ ಮಾಡಿದೆ ಎಂಬ ಸಂಖ್ಯೆ. ನನ್ನ ಅನುಭವದಲ್ಲಿ ಅತಿ ಹೆಚ್ಚು ಸಮಯ ತಿಂದ ದೋಷ ಇದು, ಹಾಗಾಗಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಮೂರು ಮಳೆಗಾಲಗಳ ಹಿಂದೆ, ತುಳುನಾಡಿನ ಆಟಿ ತಿಂಗಳ (ಜುಲೈ-ಆಗಸ್ಟ್) ಒಂದು ರಾತ್ರಿ. ಅಮೆರಿಕದ ಪೂರ್ವ ತೀರದಲ್ಲಿ ಬೆಳಗಿನ ಒಂಬತ್ತು ಗಂಟೆ ಎಂದರೆ ಬೇಸಗೆಯಲ್ಲಿ ನಮಗೆ ಸಂಜೆ ಆರೂವರೆ, ಆದ್ದರಿಂದ ಕರೆ ಮಾಡುವವರ ಪಾಳಿ ಆಗಲೇ ಅರ್ಧ ಕಳೆದಿತ್ತು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ ಒಂದು ಖಾತೆಯನ್ನು ತೋರಿಸಿ, "ಅಣ್ಣ, ಇದಕ್ಕೆ ಎರಡು ಸಲ ಅಪೀಲ್ ಹೋಗಿದೆ, ಎರಡೂ ವಾಪಸ್ ಬಂದಿದೆ, ಮೂರನೆಯದು ಹಾಕಬೇಕಾ?" ಎಂದು ಕೇಳಿದಳು. ಒಂದು ಖಾಸಗಿ ವಿಮಾ ಸಂಸ್ಥೆಗೆ ಕಳುಹಿಸಿದ ಕ್ಲೇಮ್: 84182, ಮೂರು ಯೂನಿಟ್, ಇಷ್ಟು ಸೇವೆಗೆ ಕೊಟ್ಟ ಮಾಹಿತಿ ಸಾಲದು ಎನ್ನುವ ಸಿಓ-151 ಡಿನಯಲ್, ಜೊತೆಗೆ ಯೂನಿಟ್‌ಗಳ ಸಂಖ್ಯೆ ಮಿತಿ ಮೀರಿದೆ ಎನ್ನುವ ಎನ್ 362 ರಿಮಾರ್ಕ್ (ಹೆಚ್ಚಿನ ವಿವರಣೆಯ ಕೋಡ್). ಎರಡು ಅಪೀಲ್ ಪತ್ರಗಳಲ್ಲಿಯೂ ರೋಗಿಗೆ ಈ ಪರೀಕ್ಷೆ ಎಷ್ಟು ಅಗತ್ಯವಿತ್ತು ಎಂಬುದನ್ನು ಚೆನ್ನಾಗಿಯೇ ಬರೆದಿದ್ದರು. ವರದಿಯನ್ನು ಮಾತ್ರ ಯಾರೂ ತೆರೆದ ಹಾಗಿರಲಿಲ್ಲ.

ನಾವಿಬ್ಬರೂ ತೆರೆದೆವು. ಎರಡು ಪುಟದ ವರದಿ, ಮಾದರಿ ಸಿಎಸ್‌ಎಫ್. ಎರಡನೆಯ ಪುಟದ ನಡುವೆ ಮೆಂಬ್ರೇನ್‌ನ ಬೂದು ಬಣ್ಣದ ಚಿತ್ರ, ಅದರಲ್ಲಿ ಮೂರು ಕಪ್ಪು ಗೆರೆ, ಪಕ್ಕದಲ್ಲಿ ಕಿಲೋಡಾಲ್ಟನ್ ಅಂಕೆಗಳು. ಚಿತ್ರದ ಕೆಳಗೆ ಒಂದೇ ಸಾಲಿನಲ್ಲಿ ಬಳಸಿದ ಪ್ರತಿಕಾಯದ ಹೆಸರು. ಒಂದೇ ಹೆಸರು. ಚಾರ್ಜ್ ಎಂಟ್ರಿ ಮಾಡಿದವರು ಮೂರು ಗೆರೆ ನೋಡಿ ಮೂರು ಯೂನಿಟ್ ಹಾಕಿದ್ದರು. ಬಳಸಿದ್ದು ಒಂದು ಪ್ರೋಬ್, ಆದ್ದರಿಂದ ಬಿಲ್ ಮಾಡಬೇಕಾದದ್ದು ಒಂದು ಯೂನಿಟ್. ಪೇಯರ್ ತಡೆದದ್ದು ನ್ಯಾಯವಾಗಿಯೇ ಇತ್ತು. ಅಪೀಲ್‌ನಲ್ಲಿ ನಾವು ಉತ್ತರಿಸಿದ್ದು ಅವರು ಕೇಳದ ಪ್ರಶ್ನೆಗೆ. ಒಂದು ಯೂನಿಟ್‌ಗೆ ಇಳಿಸಿ ಕರೆಕ್ಟೆಡ್ ಕ್ಲೇಮ್ ಕಳುಹಿಸಿದೆವು, ಹಣ ಬಂತು.

ಲೈಮ್ ರೋಗದ ವರದಿಯಲ್ಲಿ ಇದೇ ತಪ್ಪು ಇನ್ನೂ ಸುಲಭವಾಗಿ ಆಗುತ್ತದೆ, ಏಕೆಂದರೆ ಅಲ್ಲಿ ಬ್ಯಾಂಡ್‌ಗಳ ಪಟ್ಟಿಯೇ ಇರುತ್ತದೆ. ಐಜಿಜಿ, ಐಜಿಎಂ ಎಂಬವು ಪ್ರತಿಕಾಯದ ಎರಡು ಬಗೆಗಳು. ಐಜಿಜಿ ಪರೀಕ್ಷೆಯಲ್ಲಿ ಹತ್ತು ಬ್ಯಾಂಡ್‌ಗಳಲ್ಲಿ ಐದಾದರೂ ಬಂದಿದ್ದರೆ, ಐಜಿಎಂನಲ್ಲಿ ಮೂರರಲ್ಲಿ ಎರಡಾದರೂ ಬಂದಿದ್ದರೆ ಪಾಸಿಟಿವ್ ಎಂದು ಪರಿಗಣಿಸುವುದು ಅಲ್ಲಿನ ವಾಡಿಕೆಯ ಮಾನದಂಡ. ಇವು ರೋಗನಿರ್ಣಯದ ಲೆಕ್ಕ, ಬಿಲ್ಲಿಂಗ್‌ನ ಲೆಕ್ಕವಲ್ಲ. ಐಜಿಜಿ ಮತ್ತು ಐಜಿಎಂ ಎರಡನ್ನೂ ಬೇರೆ ಬೇರೆಯಾಗಿ ಮಾಡಿದ್ದರೆ 86617 ಎರಡು ಬಾರಿ ಬರುತ್ತದೆ. ಪಟ್ಟಿಯಲ್ಲಿ ಎಷ್ಟು ಸಾಲು ಇದೆ ಎಂಬುದು ಯೂನಿಟ್ ಆಗುವುದಿಲ್ಲ.

ಎಣಿಕೆ ಸರಿಯಾಗಿಯೇ ಇದ್ದು, ನಿಜಕ್ಕೂ ಹಲವು ಪ್ರೋಬ್ ಬಳಸಿದ್ದು, ಆದರೂ ಮಿತಿ ದಾಟಿದ್ದಕ್ಕೆ ಡಿನಯಲ್ ಬಂದಿದ್ದರೆ ಮೆಡಿಕೇರ್‌ನ ಎಂಯುಇ ಪಟ್ಟಿ, ಅಂದರೆ ಒಂದೊಂದು ಕೋಡ್‌ಗೂ ಇರುವ ಗರಿಷ್ಠ ಯೂನಿಟ್‌ಗಳ ಪಟ್ಟಿ, ನೋಡಬೇಕು. 2007ರಿಂದ ಜಾರಿಯಲ್ಲಿರುವ ಈ ಮಿತಿಗಳು ಪ್ರತಿ ಮೂರು ತಿಂಗಳಿಗೊಮ್ಮೆ ಪರಿಷ್ಕರಣೆಗೊಳ್ಳುತ್ತವೆ, ಆದ್ದರಿಂದ ಸೇವೆಯ ದಿನಾಂಕ ಬಿದ್ದ ತ್ರೈಮಾಸಿಕದ ಪಟ್ಟಿಯನ್ನೇ ತೆರೆಯಿರಿ. ಕೋಡ್‌ನ ಎದುರು ಇರುವ ಸೂಚಕ ಸಂಖ್ಯೆ ಮುಖ್ಯ: 1 ಇದ್ದರೆ ಮಿತಿ ಕ್ಲೇಮ್‌ನ ಒಂದು ಸಾಲಿಗೆ ಅನ್ವಯಿಸುತ್ತದೆ, 2 ಇದ್ದರೆ ಅದು ದಿನವೊಂದಕ್ಕೆ ಮೀರಲಾಗದ ಮಿತಿ, 3 ಇದ್ದರೆ ದಾಖಲೆ ಸಹಿತ ಅಪೀಲ್ ಮಾಡಿದಾಗ ಪರಿಗಣಿಸುವ ಅವಕಾಶ ಇದೆ. ಅದೇ ದಿನ ವೈದ್ಯಕೀಯ ಕಾರಣಕ್ಕಾಗಿ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿದ್ದರೆ ಕೋಡ್‌ನ ಜೊತೆ ಸೇರಿಸುವ ಗುರುತು, ಮಾಡಿಫೈಯರ್ 91 ಇದೆ. ಆದರೆ ಯಂತ್ರ ಕೈಕೊಟ್ಟದ್ದಕ್ಕೆ ಅಥವಾ ಮೊದಲ ಫಲಿತಾಂಶವನ್ನು ಖಚಿತಪಡಿಸಿಕೊಳ್ಳುವುದಕ್ಕೆ ಪ್ರಯೋಗಾಲಯವೇ ಪುನಃ ಮಾಡಿದ್ದರೆ ಅದನ್ನು ಬಿಲ್ ಮಾಡುವಂತಿಲ್ಲ.

ಪ್ರಯೋಗಾಲಯದ ಗುರುತು ಮತ್ತು ಪರೀಕ್ಷೆ ಬರೆದ ವೈದ್ಯರ ಗುರುತು

ಸಿಓ-16 ಬಂದಿದ್ದರೆ ಅದರ ಜೊತೆಗಿರುವ ರಿಮಾರ್ಕ್ ಕೋಡ್ ಓದದೆ ಮುಂದೆ ಹೋಗಬೇಡಿ. ಸಿಓ-16 ಹೇಳುವುದು ಏನೋ ಒಂದು ಮಾಹಿತಿ ತಪ್ಪಿದೆ ಎಂದು ಮಾತ್ರ. ಎಂಎ 120 ಇದ್ದರೆ ಕ್ಲಿಯಾ ನಂಬರ್ ಇಲ್ಲ ಅಥವಾ ತಪ್ಪಾಗಿದೆ. ಅಮೆರಿಕದಲ್ಲಿ ಮನುಷ್ಯರ ಮಾದರಿಯನ್ನು ರೋಗನಿರ್ಣಯಕ್ಕಾಗಿ ಪರೀಕ್ಷಿಸುವ ಪ್ರಯೋಗಾಲಯಗಳಿಗೆ 1988ರ ಕ್ಲಿಯಾ ಕಾನೂನಿನ ಪ್ರಕಾರ ಸರ್ಟಿಫಿಕೇಟ್ ಬೇಕು, ಅದರ ನಂಬರ್ ಸಿಎಂಎಸ್-1500 ಎಂಬ ಕ್ಲೇಮ್ ನಮೂನೆಯ 23ನೆಯ ಮನೆಯಲ್ಲಿ (ಖಾನೆಯಲ್ಲಿ) ಇರಬೇಕು. ಹತ್ತು ಅಕ್ಷರಗಳ ಆ ನಂಬರ್‌ನ ಮೂರನೆಯ ಸ್ಥಾನದಲ್ಲಿ 'ಡಿ' ಎಂಬ ಇಂಗ್ಲಿಷ್ ಅಕ್ಷರ ಇರುತ್ತದೆ. ಸ್ಕ್ಯಾನ್ ಮಾಡಿದ ಮಸುಕು ಪ್ರತಿಯಿಂದ ಟೈಪ್ ಮಾಡುವಾಗ ಅದು ಸೊನ್ನೆಯಾಗಿಬಿಡುವುದನ್ನು ನಾನೇ ಹಿಡಿದಿದ್ದೇನೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಕಂಪ್ಯೂಟರ್‌ಗೆ ಹಾಗಲ್ಲ.

ನಂಬರ್ ಸರಿಯಿದ್ದರೂ ಬಿ7 ಎಂಬ ಡಿನಯಲ್ ಬಂದರೆ ಪ್ರಶ್ನೆ ಬೇರೆ: ಆ ದಿನ ಆ ಪರೀಕ್ಷೆ ಮಾಡುವ ಅರ್ಹತೆ ಪ್ರಯೋಗಾಲಯಕ್ಕೆ ಇತ್ತೇ? ಸರ್ಟಿಫಿಕೇಟ್‌ನ ಅವಧಿ ಎರಡು ವರ್ಷ. ಸರಳ ಪರೀಕ್ಷೆಗಳಿಗೆ ಮಾತ್ರ ಕೊಡುವ ವೇವರ್ ಸರ್ಟಿಫಿಕೇಟ್ ಇಟ್ಟುಕೊಂಡು ವೆಸ್ಟರ್ನ್ ಬ್ಲಾಟ್ ಮಾಡುವಂತಿಲ್ಲ. ನವೀಕರಣ ತಪ್ಪಿದ ದಿನಗಳ ಕ್ಲೇಮ್‌ಗಳೇ ಒಟ್ಟೊಟ್ಟಿಗೆ ಬಿ7 ಆಗಿದ್ದರೆ ಕಾರಣ ಅಲ್ಲಿಯೇ ಇದೆ, ಕೋಡಿಂಗ್‌ನಲ್ಲಿ ಹುಡುಕಬೇಡಿ.

ವೆಸ್ಟರ್ನ್ ಬ್ಲಾಟ್ ಎಲ್ಲ ಕಡೆ ಆಗುವ ಪರೀಕ್ಷೆಯಲ್ಲ, ಆದ್ದರಿಂದ ಮಾದರಿಯನ್ನು ದೊಡ್ಡ ಪ್ರಯೋಗಾಲಯಕ್ಕೆ ಕಳುಹಿಸುವುದು ಸಾಮಾನ್ಯ. ಹಾಗಿದ್ದಾಗ ಕಳುಹಿಸಿದ ಪ್ರಯೋಗಾಲಯ ಬಿಲ್ ಮಾಡಲು ಅರ್ಹವಿದ್ದರೆ ಮಾಡಿಫೈಯರ್ 90 ಹಾಕಬೇಕು, ಪರೀಕ್ಷೆ ನಡೆಸಿದ ಪ್ರಯೋಗಾಲಯದ ವಿಳಾಸ 32ನೆಯ ಮನೆಯಲ್ಲಿ, ಅದರದ್ದೇ ಕ್ಲಿಯಾ ನಂಬರ್ 23ನೆಯ ಮನೆಯಲ್ಲಿ ಬರಬೇಕು. ತನ್ನದೇ ನಂಬರ್ ಹಾಕಿಕೊಂಡು ಕಳುಹಿಸಿದ ಕ್ಲೇಮ್ ಒಳಗಿನಿಂದ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ; ವರದಿಯ ಅಡಿಯಲ್ಲಿ ಪರೀಕ್ಷೆ ನಡೆದ ಸ್ಥಳ ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ ವಿಳಾಸ ನೋಡಿದಾಗ ಮಾತ್ರ ತಪ್ಪು ಗೊತ್ತಾಗುತ್ತದೆ. ಮೆಡಿಕೇರ್‌ಗೆ ಕಾಗದದ ನಮೂನೆಯಲ್ಲಿ ಕಳುಹಿಸುವಾಗ ತಾನು ಮಾಡಿದ ಪರೀಕ್ಷೆ, ಹೊರಗೆ ಮಾಡಿಸಿದ ಪರೀಕ್ಷೆ ಎರಡನ್ನೂ ಒಂದೇ ಕ್ಲೇಮ್‌ನಲ್ಲಿ ಸೇರಿಸಬಾರದು.

ರಿಮಾರ್ಕ್ ಎನ್ 264 ಅಥವಾ ಎನ್ 265 ಆಗಿದ್ದರೆ ಪರೀಕ್ಷೆ ಬರೆದ ವೈದ್ಯರ ಹೆಸರು ಅಥವಾ ಎನ್‌ಪಿಐ (ವೈದ್ಯರ ಗುರುತಿನ ಸಂಖ್ಯೆ) ತಾಳೆಯಾಗಿಲ್ಲ. 17ನೆಯ ಮನೆಯಲ್ಲಿ ಹೆಸರಿನ ಎಡಕ್ಕೆ, ಪರೀಕ್ಷೆ ಬರೆದವರು ಎಂದು ಸೂಚಿಸುವ ಡಿಕೆ ಎಂಬ ಗುರುತು ಇರಬೇಕು, ಎನ್‌ಪಿಐ 17ಬಿಯಲ್ಲಿ. 2014ರ ಜನವರಿ 6ರಿಂದ ಮೆಡಿಕೇರ್ ಈ ಹೆಸರನ್ನು ಪೆಕೋಸ್ ಎಂಬ ತನ್ನ ವೈದ್ಯರ ನೋಂದಣಿಯ ಜೊತೆ ತಾಳೆ ನೋಡಿ, ಹೊಂದದಿದ್ದರೆ ನಿರಾಕರಿಸುತ್ತಿದೆ. ಚೀಟಿಯಲ್ಲಿ ವೈದ್ಯರು ಮನೆಮಂದಿ ಕರೆಯುವ ಚಿಕ್ಕ ಹೆಸರನ್ನು ಬರೆದಿರುತ್ತಾರೆ, ನೋಂದಣಿಯಲ್ಲಿ ಪೂರ್ಣ ಹೆಸರಿರುತ್ತದೆ. ನೋಂದಣಿಯಲ್ಲಿರುವುದನ್ನೇ ಹಾಕಿ.

ಮಾಡಿಫೈಯರ್ 26

ಪ್ರಯೋಗಾಲಯದ ಹೆಚ್ಚಿನ ಪರೀಕ್ಷೆಗಳಿಗೆ ವೈದ್ಯರ ಅರ್ಥವಿವರಣೆಗೆಂದು ಮೆಡಿಕೇರ್ ಬೇರೆ ಹಣ ಕೊಡುವುದಿಲ್ಲ. ಕೆಲವಕ್ಕೆ ಮಾತ್ರ ಕೊಡುತ್ತದೆ. 84165, 84166, 84181, 84182, 86334, 86335, 88371, 88372 ಆ ಚಿಕ್ಕ ಪಟ್ಟಿಯಲ್ಲಿವೆ. ಪರೀಕ್ಷೆ ನಡೆಸಿದ ಪ್ರಯೋಗಾಲಯ ಮಾಡಿಫೈಯರ್ ಇಲ್ಲದೆ ಬಿಲ್ ಮಾಡುತ್ತದೆ, ಅದಕ್ಕೆ ಪ್ರಯೋಗಾಲಯ ಶುಲ್ಕಪಟ್ಟಿಯ ದರ. ಅರ್ಥವಿವರಣೆ ಬರೆದ ವೈದ್ಯರು 26 ಹಾಕಿ ಬಿಲ್ ಮಾಡುತ್ತಾರೆ, ಅದಕ್ಕೆ ವೈದ್ಯರ ಶುಲ್ಕಪಟ್ಟಿಯ ದರ. ಎಕ್ಸ್‌ರೇ ಬಿಲ್ಲಿಂಗ್‌ನಿಂದ ಬಂದವರು ಇಲ್ಲಿ ತಪ್ಪದೇ ಎಡವುತ್ತಾರೆ: 26 ಇದ್ದ ಮೇಲೆ ತಾಂತ್ರಿಕ ಕೆಲಸದ ಪಾಲಿನ ಗುರುತಾದ ಟಿಸಿಯೂ ಇರಬೇಕು ಎಂದು ಪ್ರಯೋಗಾಲಯದ ಸಾಲಿಗೆ ಟಿಸಿ ಹಾಕುತ್ತಾರೆ. ಈ ಕೋಡ್‌ಗಳಿಗೆ ಟಿಸಿ ಸಲ್ಲುವುದಿಲ್ಲ, ಮಾಡಿಫೈಯರ್ ಹೊಂದುವುದಿಲ್ಲ ಎನ್ನುವ ಸಿಓ-4 ಬರುತ್ತದೆ.

26ರ ಕ್ಲೇಮ್ ನಿಲ್ಲಬೇಕಾದರೆ ವೈದ್ಯರು ಬರೆದು ಸಹಿ ಮಾಡಿದ ಅರ್ಥವಿವರಣೆ ವರದಿಯಲ್ಲಿ ಇರಲೇಬೇಕು. ಯಂತ್ರ ಮುದ್ರಿಸಿದ ಪಾಸಿಟಿವ್ ಅಥವಾ ನೆಗೆಟಿವ್ ಎಂಬ ಒಂದು ಪದ ಅರ್ಥವಿವರಣೆಯಲ್ಲ. ವರದಿಯಲ್ಲಿ ಅದು ಇಲ್ಲದಿದ್ದರೆ 26ರ ಡಿನಯಲ್‌ಗೆ ಅಪೀಲ್ ಬರೆಯಬೇಡಿ. ಇಲ್ಲದ ದಾಖಲೆಯನ್ನು ಪತ್ರದಿಂದ ತುಂಬಿಸಲಾಗದು, ತುಂಬಿಸಲೂಬಾರದು.

ರೋಗನಿರ್ಣಯದ ಕೋಡ್ ಮತ್ತು ದಿನಾಂಕ

ಸಿಓ-11 (ರೋಗನಿರ್ಣಯ ಪರೀಕ್ಷೆಗೆ ಹೊಂದುವುದಿಲ್ಲ) ಮತ್ತು ಸಿಓ-50 (ವೈದ್ಯಕೀಯ ಅಗತ್ಯ ಕಾಣುವುದಿಲ್ಲ) ಬಂದಾಗ ವರದಿಯ ಜೊತೆ ವೈದ್ಯರ ಚೀಟಿಯನ್ನೂ ತೆರೆಯಬೇಕು. ಹೊರರೋಗಿಗಳ ವಿಷಯದಲ್ಲಿ ರೋಗಗಳ ಕೋಡ್‌ಪಟ್ಟಿ ಐಸಿಡಿ-10ರ ನಿಯಮ ಸ್ಪಷ್ಟವಾಗಿದೆ: ಇರಬಹುದು, ಶಂಕೆ ಇದೆ, ಇಲ್ಲವೆಂದು ಖಚಿತಪಡಿಸಬೇಕು ಎಂದು ಬರೆದ ರೋಗವನ್ನು ಇದೆಯೆಂಬಂತೆ ಕೋಡ್ ಮಾಡಬಾರದು, ಇರುವ ಲಕ್ಷಣವನ್ನು ಕೋಡ್ ಮಾಡಬೇಕು. ಲೈಮ್ ಶಂಕೆ, ಕೀಲುನೋವು ಎಂದು ಚೀಟಿಯಲ್ಲಿದ್ದರೆ ಬರಬೇಕಾದದ್ದು ಕೀಲುನೋವಿನ ಕೋಡ್. ಲೈಮ್ ರೋಗದ ಕೋಡ್ ಎ69.20 ಹಾಕಿದರೆ ಕ್ಲೇಮ್ ಪಾಸಾದರೂ ಇಲ್ಲದ ಕಾಯಿಲೆಯೊಂದು ಆ ರೋಗಿಯ ವಿಮಾ ದಾಖಲೆಗೆ ಸೇರಿಹೋಗುತ್ತದೆ. ಸಾವಿರಾರು ಮೈಲಿ ದೂರದಲ್ಲಿರುವ, ನಾವು ಎಂದೂ ನೋಡದ ಒಬ್ಬರ ಹೆಸರಿನ ಮುಂದೆ ನಾವು ಬರೆದದ್ದು ಉಳಿಯುತ್ತದೆ ಎಂಬುದನ್ನು ಮರೆಯಬಾರದು.

ಕೋಡ್ ಸರಿಯಿದ್ದೂ ಸಿಓ-11 ಬಂದರೆ 24ಇ ಮನೆಯ ಪಾಯಿಂಟರ್, ಅಂದರೆ ಆ ಸಾಲು ಯಾವ ರೋಗನಿರ್ಣಯಕ್ಕೆ ಸೇರಿದ್ದು ಎಂಬ ಸೂಚನೆ, ನೋಡಿ. ನಾಲ್ಕು ರೋಗನಿರ್ಣಯಗಳಿರುವ ಕ್ಲೇಮ್‌ನಲ್ಲಿ ಸಾಲು ರಕ್ತದೊತ್ತಡದ ಕಡೆಗೆ ಬೊಟ್ಟು ಮಾಡುತ್ತಿರಬಹುದು.

ದಿನಾಂಕದ ವಿಷಯದಲ್ಲಿ ಎರಡು ಮಾತು. ಪ್ರಯೋಗಾಲಯ ಪರೀಕ್ಷೆಗೆ ಸೇವೆಯ ದಿನಾಂಕವೆಂದರೆ ಸಾಮಾನ್ಯವಾಗಿ ಮಾದರಿ ತೆಗೆದ ದಿನ. ವೆಸ್ಟರ್ನ್ ಬ್ಲಾಟ್‌ನ ಫಲಿತಾಂಶ ಬರಲು ದಿನಗಳು ಹಿಡಿಯುವುದರಿಂದ ವರದಿಯ ದಿನಾಂಕ ಹಾಕುವ ತಪ್ಪು ಇಲ್ಲಿ ಹೆಚ್ಚು. ಎರಡನೆಯದು ನಮ್ಮ ಊರಿನ ಅಭ್ಯಾಸ. ನಾವು ದಿನ ಮೊದಲು, ತಿಂಗಳು ಆಮೇಲೆ ಬರೆಯುತ್ತೇವೆ. ಅವರು ತಿಂಗಳು ಮೊದಲು ಬರೆಯುತ್ತಾರೆ. 04/09 ನಮಗೆ ಸೆಪ್ಟೆಂಬರ್ 4, ಅವರಿಗೆ ಏಪ್ರಿಲ್ 9. ದಿನ 12ನ್ನು ಮೀರದ ದಿನಾಂಕಗಳಲ್ಲಿ ಯಾವ ಎಚ್ಚರಿಕೆಯನ್ನೂ ಕೊಡದೆ ಈ ತಪ್ಪು ಒಳಗೆ ಸೇರಿಕೊಳ್ಳುತ್ತದೆ.

ಸರಿಪಡಿಸಿ ಕಳುಹಿಸುವ ದಾರಿ

ದೋಷ ಸಿಕ್ಕ ಮೇಲೆ ದಾರಿ ತಪ್ಪಿದರೆ ಪಟ್ಟ ಶ್ರಮವೆಲ್ಲ ನೀರಿನಲ್ಲಿ ಹೋಮ. ಖಾಸಗಿ ಪೇಯರ್‌ಗಳಿಗೆ ಸಾಮಾನ್ಯವಾಗಿ ಹಳೆಯ ಕ್ಲೇಮ್‌ನ ನಂಬರ್ ಸಹಿತ ಹಳೆಯದಕ್ಕೆ ಬದಲಿ ಎಂದು ಸೂಚಿಸುವ ಫ್ರೀಕ್ವೆನ್ಸಿ ಕೋಡ್ 7 ಹಾಕಿ ಕರೆಕ್ಟೆಡ್ ಕ್ಲೇಮ್ ಕಳುಹಿಸಬೇಕು. 7 ಹಾಕದೆ ಹಾಗೆಯೇ ಕಳುಹಿಸಿದರೆ ಸಿಓ-18, ಅಂದರೆ ನಕಲು ಕ್ಲೇಮ್ ಎಂಬ ಹೊಸ ಡಿನಯಲ್ ಹುಟ್ಟುತ್ತದೆ. ವೈದ್ಯರ ಮತ್ತು ಹೊರರೋಗಿ ಸೇವೆಗಳಿಗಿರುವ ಮೆಡಿಕೇರ್ ಪಾರ್ಟ್ ಬಿ ಈ 7ನ್ನು ಸ್ವೀಕರಿಸುವುದಿಲ್ಲ. ಅಲ್ಲಿ ಎಂಎ 130 ರಿಮಾರ್ಕ್ ಇದ್ದರೆ ಕ್ಲೇಮನ್ನು ಪರಿಶೀಲಿಸಲು ಆಗಿಲ್ಲ ಎಂದರ್ಥ, ಅಪೀಲ್ ಹಕ್ಕಿಲ್ಲ, ಸರಿಪಡಿಸಿ ಹೊಸ ಕ್ಲೇಮ್ ಕಳುಹಿಸಿ. ಎಂಎ 130 ಇಲ್ಲದೆ ಡಿನಯಲ್ ಆಗಿದ್ದು ತಪ್ಪು ಬರವಣಿಗೆಯದ್ದಾಗಿದ್ದರೆ ಒಂದು ವರ್ಷದೊಳಗೆ ರೀಓಪನಿಂಗ್, ಅಂದರೆ ಕ್ಲೇಮನ್ನು ಮತ್ತೆ ತೆರೆಯುವಂತೆ, ಕೇಳಬಹುದು. ನಮ್ಮ ಕಡೆ ತಪ್ಪೇ ಇಲ್ಲ, ದಾಖಲೆ ಗಟ್ಟಿಯಾಗಿದೆ ಎಂದಾದಾಗ ಮಾತ್ರ ಅಪೀಲ್. ಅದರ ಮೊದಲ ಹಂತಕ್ಕೆ ನಿರ್ಧಾರ ಕೈಸೇರಿದ ದಿನದಿಂದ 120 ದಿನ.

ಯಾವ ದಾರಿಯೂ ಫಲಿಸದಿದ್ದಾಗ ಬಾಕಿಯನ್ನು ರೋಗಿಯ ಹೆಸರಿಗೆ ವರ್ಗಾಯಿಸುವ ಗುಂಡಿ ಒತ್ತುವುದಕ್ಕೆ ಮೊದಲು ಕೈ ತಡೆಯಲಿ. ಸಿಓ (ಒಪ್ಪಂದದಂತೆ ಬಿಟ್ಟುಕೊಡಬೇಕಾದ) ಗುಂಪಿನ ಮೊತ್ತವನ್ನು ರೋಗಿಯಿಂದ ವಸೂಲು ಮಾಡುವಂತಿಲ್ಲ, ಪಿಆರ್ (ರೋಗಿಯ ಹೊಣೆ) ಎಂದು ಬಂದದ್ದನ್ನು ಮಾತ್ರ ಕೇಳಬಹುದು. ಮೆಡಿಕೇರ್‌ನ ಪ್ರಯೋಗಾಲಯ ಶುಲ್ಕಪಟ್ಟಿಯಲ್ಲಿ ಪಾವತಿಯಾಗುವ ಪರೀಕ್ಷೆಗೆ ರೋಗಿ ಕೊಡಬೇಕಾದ ಪಾಲೇ ಇಲ್ಲ. 26ರ ಸಾಲಿಗೆ ಮಾತ್ರ ಶೇ. 20ರ ಪಾಲು ಇರುತ್ತದೆ. ಅಗತ್ಯವಿಲ್ಲವೆಂದು ಮೆಡಿಕೇರ್ ನಿರಾಕರಿಸಬಹುದಾದ ಪರೀಕ್ಷೆಗೆ ಮೊದಲೇ ಎಬಿಎನ್ ಎಂಬ ಮುನ್ಸೂಚನೆಯ ಪತ್ರಕ್ಕೆ ರೋಗಿಯ ಸಹಿ ಪಡೆದು, ಮಾಡಿಫೈಯರ್ ಜಿಎ ಹಾಕಿದ್ದರೆ ಮಾತ್ರ ಹೊಣೆ ರೋಗಿಯದ್ದಾಗುತ್ತದೆ. ಪರೀಕ್ಷೆ ಮುಗಿದ ಮೇಲೆ ಪಡೆದ ಸಹಿಗೆ ಬೆಲೆಯಿಲ್ಲ. ಪಿಂಚಣಿಯ ಮೇಲೆ ಬದುಕುವ ಒಬ್ಬ ಅಜ್ಜಿಗೆ ಕೊಡಬೇಕಿಲ್ಲದ ಬಿಲ್ ಹೋದರೆ ಅವರು ಹೆದರಿ ಕಟ್ಟಿಬಿಡುತ್ತಾರೆ. ನಮ್ಮ ಮನೆಯ ಹಿರಿಯರಿಗೆ ಹಾಗಾದರೆ ನಾವು ಸುಮ್ಮನಿರುತ್ತೇವೆಯೇ?

ಆಟಿಯ ಆ ರಾತ್ರಿಯ ವಿಷಯ ಒಂದು ಕ್ಲೇಮ್‌ಗೇ ಮುಗಿಯಲಿಲ್ಲ. ಅದೇ ಪ್ರಯೋಗಾಲಯದ ಹಳೆಯ 84182 ಕ್ಲೇಮ್‌ಗಳನ್ನೆಲ್ಲ ತೆಗೆಸಿ ವರದಿಯ ಜೊತೆ ಹೋಲಿಸಿದಾಗ, ಬ್ಯಾಂಡ್ ಎಣಿಸಿ ಎರಡು ಯೂನಿಟ್ ಹಾಕಿ, ಡಿನಯಲ್ ಆಗದೆ ಹಣವೂ ಬಂದುಬಿಟ್ಟಿದ್ದ ಕೆಲವು ಸಿಕ್ಕವು. ಡಿನಯಲ್ ವಿಭಾಗದ ಪಟ್ಟಿಗೆ ಇಂಥವು ಎಂದೂ ಬರುವುದಿಲ್ಲ, ಹುಡುಕಿದರೆ ಮಾತ್ರ ಸಿಗುತ್ತವೆ. ಮೆಡಿಕೇರ್‌ನಿಂದ ಹೆಚ್ಚು ಬಂದ ಹಣವನ್ನು ಗುರುತಿಸಿದ ಮೇಲೆ 60 ದಿನಗಳಲ್ಲಿ ತಿಳಿಸಿ ಹಿಂದಿರುಗಿಸಬೇಕೆಂಬ ಕಾನೂನು ಇದೆ. ಟೀಮ್ ಲೀಡರ್‌ಗೆ ಪಟ್ಟಿ ಕೊಟ್ಟೆವು, ಪ್ರಯೋಗಾಲಯದವರು ಹಣ ಹಿಂದಿರುಗಿಸಿದರು, ಚಾರ್ಜ್ ಎಂಟ್ರಿಯ ಪರದೆಯಲ್ಲಿ ಬ್ಯಾಂಡ್‌ಗಳ ಸಂಖ್ಯೆ ಎಂದಿದ್ದ ಶೀರ್ಷಿಕೆಯನ್ನು ಪ್ರೋಬ್‌ಗಳ ಸಂಖ್ಯೆ ಎಂದು ಬದಲಿಸಿದರು. ತಪ್ಪು ಹುಟ್ಟಿದ ಜಾಗ ಅದೇ ಆಗಿತ್ತು.

ಖಾತೆಯಲ್ಲಿ ನೋಟ್ ಬರೆಯುವಾಗ ಅಪೀಲ್ ಕಳುಹಿಸಿದೆ, ಫಾಲೋಅಪ್ ಮಾಡಿದೆ ಎಂದಷ್ಟೇ ಬರೆಯಬೇಡಿ. ಆ ರಾತ್ರಿ ಪಕ್ಕದ ಹುಡುಗಿ ಬರೆದ ನೋಟ್‌ನ ಸಾರವನ್ನು ಹೊಸಬರಿಗೆ ಈಗಲೂ ಮಾದರಿಯಾಗಿ ತೋರಿಸುತ್ತೇನೆ: "ವರದಿ ಓದಿದೆ. ಮಾದರಿ ಸಿಎಸ್‌ಎಫ್. ಪ್ರೋಬ್ ಒಂದು, ಬ್ಯಾಂಡ್ ಮೂರು, ಹೆಸರು ಎರಡನೆಯ ಪುಟದಲ್ಲಿ ಚಿತ್ರದ ಕೆಳಗೆ. ಯೂನಿಟ್ 3 ತಪ್ಪು, 1ಕ್ಕೆ ಇಳಿಸಿದೆ. ಕರೆಕ್ಟೆಡ್ ಕ್ಲೇಮ್, ಫ್ರೀಕ್ವೆನ್ಸಿ 7. ಇನ್ನು ಅಪೀಲ್ ಬೇಡ."